ಮಡಿಕೇರಿಯ ಬಾಟಲಿ, ಬೆಂಗಳೂರಿನ ಜಾಡಿ: ಸೂಜಿಮೆಣಸಿನ ಸಾಸಿಗೆ 24 ದಿನ

ಮಡಿಕೇರಿಗೆ ಹೋದವರ ಚೀಲದಲ್ಲಿ ಕಾಫಿಪುಡಿ, ಜೇನು, ಏಲಕ್ಕಿ ಬರುವುದು ವಾಡಿಕೆ. ಈ ಸಲ ಜೊತೆಗೆ ಬಂದದ್ದು 200 ಮಿ.ಲೀ. ಸೂಜಿಮೆಣಸಿನ ಸಾಸ್. ಮಾಮೂಲಿ ಕೆಂಪು ಚಿಲ್ಲಿ ಸಾಸಿನ ಹಾಗೆ ಇದರ ಮುಚ್ಚಳ ತೆಗೆದ ಕೂಡಲೇ ವಿನಿಗರ್ ಮೂಗಿಗೆ ಹೊಡೆಯುವುದಿಲ್ಲ. ನಾಲಿಗೆಗೆ ಮೊದಲು ಒಂದು ಹುಳಿ, ಹಿಂದೆಯೇ ಖಾರ, ಖಾರ ಇಳಿಯುವ ಹೊತ್ತಿಗೆ ಇನ್ನೊಂದು ಹುಳಿ. ಅಕ್ಕಿರೊಟ್ಟಿ, ಆಮ್ಲೆಟ್ ಇರಲಿ, ಮೊಸರನ್ನಕ್ಕೂ ಒಗ್ಗುತ್ತದೆ. ಬಾಟಲಿ ಅರ್ಧಕ್ಕೆ ಬಂದಾಗ ಉಳಿದರ್ಧವನ್ನು ಪರೀಕ್ಷೆಗೆ ಎತ್ತಿಟ್ಟು, ಅದೇ ರುಚಿಯನ್ನು ಬೆಂಗಳೂರಿನ ಅಡುಗೆಮನೆಯಲ್ಲಿ ತರುವ ಕೆಲಸ ಶುರುವಾಯಿತು.

ಇಂಥ ಪ್ರಯತ್ನಗಳಲ್ಲಿ ಎಲ್ಲರೂ ಖಾರದ ಹಿಂದೆ ಬೀಳುತ್ತಾರೆ. ಖಾರ ತರುವುದು ಏನೇನೂ ಕಷ್ಟವಲ್ಲ, ಸೂಜಿಮೆಣಸು ಇದ್ದರೆ ಮುಗಿಯಿತು. ಈ ಬಾಟಲಿಯ ಗುಟ್ಟಿದ್ದದ್ದು ಹುಳಿಯಲ್ಲಿ, ಅದೂ ಒಂದಲ್ಲ, ಮೂರು ಹುಳಿಯಲ್ಲಿ.

ಲೇಬಲ್ ಏನು ಹೇಳುತ್ತದೆ

ಲೇಬಲಿನಲ್ಲಿದ್ದ ಕ್ರಮ ಹೀಗೆ: ಮೆಣಸಿನಕಾಯಿ, ನೀರು, ವಿನಿಗರ್, ಬೆಳ್ಳುಳ್ಳಿ, ಉಪ್ಪು, ಸಕ್ಕರೆ, ಕಾಚಂಪುಳಿ, ಐಎನ್‌ಎಸ್ 415, ಐಎನ್‌ಎಸ್ 211 (ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ). ನಮ್ಮ ದೇಶದ ನಿಯಮದಂತೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಆದ್ದರಿಂದ ಒಂದರ ಪ್ರಮಾಣ ಗೊತ್ತಾದರೆ ಅದರ ಮೇಲಿನವು ಅದಕ್ಕಿಂತ ಹೆಚ್ಚು, ಕೆಳಗಿನವು ಕಡಿಮೆ ಎಂದು ತಿಳಿಯುತ್ತದೆ.

ಆ ಒಂದು ಪ್ರಮಾಣ ಸಿಗುವುದು ಪೋಷಕಾಂಶದ ಪಟ್ಟಿಯಲ್ಲಿ. 100 ಗ್ರಾಂಗೆ ಸೋಡಿಯಂ 1,100 ಮಿ.ಗ್ರಾಂ ಎಂದಿತ್ತು. ಸೋಡಿಯಂ ಅನ್ನು 2.54ರಿಂದ ಗುಣಿಸಿದರೆ ಉಪ್ಪು: 2,794 ಮಿ.ಗ್ರಾಂ, ಅಂದರೆ ಸುಮಾರು 2.8%. ಹಾಗಾದರೆ ಬೆಳ್ಳುಳ್ಳಿ 2.8ಕ್ಕಿಂತ ಹೆಚ್ಚು, ಸಕ್ಕರೆ ಅದಕ್ಕಿಂತ ಕಡಿಮೆ, ಕಾಚಂಪುಳಿ ಸಕ್ಕರೆಗಿಂತಲೂ ಕಡಿಮೆ. ನೀರು ವಿನಿಗರ್‌ಗಿಂತ ಹೆಚ್ಚು. 415 ಎಂದರೆ ಕ್ಸಾಂಥಾನ್ ಗಮ್, ಸಾಸ್ ನೀರೊಡೆಯದಂತೆ ಹಿಡಿದಿಡುವ ಅಂಟು. 211 ಎಂದರೆ ಸೋಡಿಯಂ ಬೆಂಜೊಯೇಟ್, ಕೆಡದಂತೆ ಹಾಕುವುದು. 330, ಅಂದರೆ ಸಿಟ್ರಿಕ್ ಆಮ್ಲ, ಪಟ್ಟಿಯಲ್ಲಿ ಇರಲಿಲ್ಲ. ಈ ಇಲ್ಲದಿರುವಿಕೆ ಮುಂದೆ ಕೆಲಸಕ್ಕೆ ಬಂತು.

ಕಾಚಂಪುಳಿ ಗೊತ್ತಿಲ್ಲದವರಿಗೆ: ಮಲೆನಾಡಿನಲ್ಲಿ ಉಪ್ಪಾಗೆ ಎನ್ನುವ ಗಾರ್ಸಿನಿಯಾ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಮಂದ ಮಾಡಿದ ಕೊಡಗಿನ ಹುಳಿ. ಪಂದಿಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರುವುದು ಇದರಿಂದಲೇ.

ಸ್ಟೀಲ್ ತಟ್ಟೆಯ ಪರೀಕ್ಷೆ

20 ಗ್ರಾಂ ಸಾಸನ್ನು ಅಗಲವಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಸವರಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಇಡಿ. ಸುಮಾರು ಎರಡೂವರೆ ಗಂಟೆಯಲ್ಲಿ ಅದು ಒಣಗಿ ಚಕ್ಕೆ ಕಟ್ಟುತ್ತದೆ. ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಮುಗಿಯಿತು. ಈ ಬಾಟಲಿಯಲ್ಲಿ ಉಳಿದದ್ದು 4.4 ಗ್ರಾಂ, ಅಂದರೆ 22%. ಮೆಣಸು ಧಾರಾಳವಾಗಿದೆ, ನೀರು ತುಂಬಿಸಿದ ಸಾಸಲ್ಲ.

ಈ ಪರೀಕ್ಷೆಯ ನಿಜವಾದ ಲಾಭ ತೂಕವಲ್ಲ. ವಿನಿಗರ್‌ನ ಅಸಿಟಿಕ್ ಆಮ್ಲ ಆವಿಯ ಜೊತೆ ಹಾರಿಹೋಗುತ್ತದೆ. ಹುದುಗಿನಿಂದ ಬರುವ ಲ್ಯಾಕ್ಟಿಕ್ ಆಮ್ಲ, ಕಾಚಂಪುಳಿಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಇವೆಲ್ಲ ತಟ್ಟೆಯಲ್ಲೇ ಉಳಿಯುತ್ತವೆ. ಒಣಗಿದ ಚಕ್ಕೆಯನ್ನು ಅಕ್ಕಿಕಾಳಿನಷ್ಟು ತೆಗೆದು ಒಂದು ತುತ್ತು ಸಪ್ಪೆ ಅನ್ನದ ಜೊತೆ ಬಾಯಿಗೆ ಹಾಕಿಕೊಳ್ಳಿ. ಹೆಚ್ಚು ಬೇಡ, ನೆತ್ತಿಗೇರುತ್ತದೆ. ಬರೀ ವಿನಿಗರ್, ಮೆಣಸು ಹಾಕಿ ರುಬ್ಬಿದ ಸಾಸನ್ನು ಹೀಗೆ ಒಣಗಿಸಿದರೆ ಉಳಿಯುವುದು ಉಪ್ಪುಖಾರ ಮಾತ್ರ. ಮಡಿಕೇರಿಯ ಚಕ್ಕೆ ಹಲ್ಲು ಚುಳ್ಳೆನ್ನುವಷ್ಟು ಹುಳಿ ಇತ್ತು. ಸಿಟ್ರಿಕ್ ಆಮ್ಲ ಲೇಬಲಿನಲ್ಲಿಲ್ಲ. 2.8 ಶೇಕಡಾ ಕೂಡ ಇರಲಾರದ ಕಾಚಂಪುಳಿಯೊಂದೇ ಇಷ್ಟು ಹುಳಿ ಕೊಡುತ್ತದೆಯೇ?

ಅದನ್ನು ನೋಡಲು ಹುದುಗಿಸದೆ ಒಂದು ಚಿಕ್ಕ ಮಾದರಿ: 100 ಗ್ರಾಂ ಹಣ್ಣುಮೆಣಸಿನಕಾಯಿ, 20 ಗ್ರಾಂ ವಿನಿಗರ್, 3 ಗ್ರಾಂ ಉಪ್ಪು, 6 ಗ್ರಾಂ ಬೆಳ್ಳುಳ್ಳಿ, 2 ಗ್ರಾಂ ಕಾಚಂಪುಳಿ, ರುಬ್ಬಲು ಬೇಕಾದಷ್ಟು ನೀರು. ಹುಳಿಯೇನೋ ಬಂತು, ಆದರೆ ಎಲ್ಲವೂ ಬಿಡಿಬಿಡಿ. ಹಸಿ ಬೆಳ್ಳುಳ್ಳಿ ಒಂದು ಕಡೆ, ಮೆಣಸಿನ ಹಸಿ ಸೊಪ್ಪಿನ ವಾಸನೆ ಇನ್ನೊಂದು ಕಡೆ, ಹುಳಿ ಮೇಲೆ ತೇಲಿದ ಹಾಗೆ. ಮಡಿಕೇರಿಯವರು ಮೆಣಸನ್ನು ಮೊದಲು ಹುಳಿ ಬರಿಸಿಯೇ ಇರಬೇಕು ಎಂಬ ಊಹೆ ಅಲ್ಲಿಂದ ಬಂದದ್ದು. ತಯಾರಿಕೆಯ ವಿಧಾನವನ್ನು ಲೇಬಲಿನಲ್ಲಿ ಬರೆದಿಲ್ಲ, ಹಾಗಾಗಿ ಊಹೆ ಎಂದೇ ಇಟ್ಟುಕೊಳ್ಳೋಣ.

ಉಪ್ಪು ಹಾಕಿ ಮೆಣಸು ಕೊಳೆಸದೆ ಹುಳಿ ಬರಿಸುವುದು ನಮಗೇನು ಹೊಸದಲ್ಲ. ಉತ್ತರ ಕರ್ನಾಟಕದ ರಂಜಕವೂ ಹಣ್ಣುಮೆಣಸಿನಕಾಯಿಗೆ ಉಪ್ಪು ಬೆರೆಸಿ ಕುಟ್ಟಿಟ್ಟು ಹದಕ್ಕೆ ಬರಿಸುವುದೇ. ಅಮೆರಿಕದ ಲೂಸಿಯಾನಾದಲ್ಲಿ 1868ರಿಂದ ಮಾಡುತ್ತಿರುವ ಟಬಾಸ್ಕೋ ಸಾಸ್ ಕೂಡ ಉಪ್ಪಿನಲ್ಲಿ ರುಬ್ಬಿದ ಮೆಣಸನ್ನು ಓಕ್ ಪೀಪಾಯಿಯಲ್ಲಿ ಮೂರು ವರ್ಷದವರೆಗೆ ಮಾಗಿಸಿ, ಆಮೇಲೆ ವಿನಿಗರ್ ಸೇರಿಸುವಂಥದು. ಈ ‘ಆಮೇಲೆ’ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ವಿನಿಗರ್ ಮೊದಲೇ ಸುರಿದರೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಏಳುವುದೇ ಇಲ್ಲ.

ಸಾಮಾನು

ಸೂಜಿಮೆಣಸಿಗೆ ಒಂದೊಂದು ಕಡೆ ಒಂದೊಂದು ಹೆಸರು: ಜೀರಿಗೆ ಮೆಣಸು, ಗಾಂಧಾರಿ ಮೆಣಸು. ಬೆಂಗಳೂರಿನಲ್ಲಿ ಕೆ.ಆರ್. ಮಾರುಕಟ್ಟೆ, ಶಿವಾಜಿನಗರದ ರಸೆಲ್ ಮಾರುಕಟ್ಟೆ, ಮಡಿವಾಳದ ಕಡೆ ಕೇಳಿ ನೋಡಬಹುದು. ಬರುವುದು ಹೆಚ್ಚಾಗಿ ಹಸಿರು ಕಾಯಿ. ನಮಗೆ ಬೇಕಾದದ್ದು ಹಣ್ಣಾದದ್ದು. ಹಸಿರು ಕಾಯಿಯಲ್ಲಿ ಸಕ್ಕರೆ ಕಡಿಮೆ, ಹುದುಗು ನಿಧಾನ, ಬಣ್ಣ ಕೊನೆಗೆ ಬೂದುಹಸಿರು. ರಾಶಿಯಿಂದ ಆರಿಸಿಕೊಳ್ಳಲು ಬಿಡುವ ಅಂಗಡಿ ಹುಡುಕಿ. ಮನೆಗೆ ತಂದು ಪೇಪರ್ ಮೇಲೆ ಹರಡಿದರೆ ಅರೆಗೆಂಪಾದವು ಎರಡು ದಿನದಲ್ಲಿ ಕೆಂಪಾಗುತ್ತವೆ. ಪೂರ್ತಿ ಹಸಿರಾದವು ಬಾಡುತ್ತವೆ ಅಷ್ಟೇ.

ಪೂರ್ತಿ ಸೂಜಿಮೆಣಸಿನಲ್ಲೇ ಮಾಡಿದರೆ ತಿನ್ನಲಾಗದು, ತಿರುಳೂ ಸಾಲದು. ಮೈಗೆ ದಪ್ಪನೆಯ ಹಣ್ಣುಮೆಣಸಿನಕಾಯಿ ಬೇಕು. ಬಣ್ಣಕ್ಕೆ ಕೊನೆಯಲ್ಲಿ ಒಣ ಬ್ಯಾಡಗಿ, ಅದರಲ್ಲೂ ಕಡ್ಡಿಗಿಂತ ಡಬ್ಬಿ ಬ್ಯಾಡಗಿ ಒಳ್ಳೆಯದು: ಗಿಡ್ಡ, ಸುಕ್ಕು ಹೆಚ್ಚು, ಬಣ್ಣ ಹೆಚ್ಚು, ಖಾರ ಕಡಿಮೆ.

ಮುಖ್ಯ ಜಾಡಿಗೆ ಹೋದದ್ದು: ತೊಟ್ಟು ತೆಗೆದ ಸೂಜಿಮೆಣಸು 300 ಗ್ರಾಂ, ತೊಟ್ಟು ತೆಗೆದ ದಪ್ಪ ಹಣ್ಣುಮೆಣಸಿನಕಾಯಿ 550 ಗ್ರಾಂ, ಸುಲಿದ ಬೆಳ್ಳುಳ್ಳಿ 50 ಗ್ರಾಂ. ಒಟ್ಟು 900. ಉಪ್ಪು ಅದರ 3%, ಅಂದರೆ 27 ಗ್ರಾಂ.

ಉಪ್ಪನ್ನು ತೂಗಿಯೇ ಹಾಕಬೇಕು. ಹರಳುಪ್ಪಿನ ಒಂದು ಚಮಚ, ಪುಡಿ ಉಪ್ಪಿನ ಒಂದು ಚಮಚ ಒಂದೇ ತೂಕವಲ್ಲ. ಹರಳಿನ ನಡುವೆ ಗಾಳಿ ಕೂತಿರುತ್ತದೆ. ಎರಡನೇ ಜಾಡಿಯೊಂದಕ್ಕೆ ಚಮಚದ ಲೆಕ್ಕದಲ್ಲಿ ಹರಳುಪ್ಪು ಹಾಕಿದ್ದಾಗಿತ್ತು. ಆಮೇಲೆ ಅದೇ ಚಮಚವನ್ನು ತೂಗಿ ನೋಡಿದರೆ ಉಪ್ಪು 1.6% ಮಾತ್ರ. ಆ ಜಾಡಿಯ ಕಥೆ ಮುಂದಿದೆ. ಅಯೋಡಿನ್ ಉಪ್ಪಿನಿಂದ ಹುದುಗು ನಿಲ್ಲುವುದಿಲ್ಲ. ಪುಡಿ ಗಂಟಾಗದಿರಲೆಂದು ಸೇರಿಸಿದ ವಸ್ತುವಿನಿಂದ ರಸ ಸ್ವಲ್ಪ ಮಬ್ಬಾಗಬಹುದು, ಸಾಸಿಗೆ ಅದು ಲೆಕ್ಕಕ್ಕಿಲ್ಲ.

ಮೂರನೇ ಜಾಡಿಗೆ ಪ್ರಯೋಗಕ್ಕೆಂದು 150 ಗ್ರಾಂ ಕ್ಯಾರೆಟ್ ಸೇರಿಸಲಾಯಿತು. ಹಾಟ್ ಸಾಸ್ ಮಾಡುವವರು ಹಲವರು ಮೈಗೂ ಸಿಹಿಗೂ ಕ್ಯಾರೆಟ್ ಹಾಕುತ್ತಾರೆ. ಮಡಿಕೇರಿಯ ಲೇಬಲಿನಲ್ಲಿ ಅದಿಲ್ಲ. ಆದರೂ ನೋಡಿಬಿಡೋಣ ಎಂದು.

ಜಾಡಿ, ಮುಚ್ಚಳ, ನಳಿಕೆ

ಗಾಜಿನ 1.5 ಲೀಟರ್ ಜಾಡಿ, ಪ್ಲಾಸ್ಟಿಕ್ ತಿರುಪಿನ ಮುಚ್ಚಳ. ತಗಡಿನ ಮುಚ್ಚಳ ಉಪ್ಪು, ಹುಳಿಗೆ ಹದಿನೈದು ದಿನದಲ್ಲೇ ತುಕ್ಕು ಹಿಡಿಯುತ್ತದೆ. ಅಲ್ಯುಮಿನಿಯಂ, ಹಿತ್ತಾಳೆ ಯಾವ ಹಂತದಲ್ಲೂ ಬೇಡ. ಪಿಂಗಾಣಿ ಭರಣಿ ಚೆನ್ನ, ಆದರೆ ಒಳಗೇನಾಗುತ್ತಿದೆ ಎಂದು ಕಾಣುವುದಿಲ್ಲ. ಮೊದಲ ಸಲ ಮಾಡುವವರಿಗೆ ಕಾಣಲೇಬೇಕು.

ಒಳಗಿನ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಇದಕ್ಕೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ನಳಿಕೆ ಸಾಕು. ಅದರ ಹೊರ ಅಗಲ 6 ಮಿ.ಮೀ. ಮುಚ್ಚಳಕ್ಕೆ 6 ಅಲ್ಲ, 5.5 ಮಿ.ಮೀ. ಬಿಟ್‌ನಿಂದ ತೂತು ಕೊರೆಯಿರಿ. ನಳಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಕೆಳಗಿನಿಂದ ಇಕ್ಕಳದಲ್ಲಿ ಎಳೆಯಿರಿ. ಅಂಟೇ ಬೇಡದಷ್ಟು ಬಿಗಿಯಾಗಿ ಕೂರುತ್ತದೆ. ಮುಚ್ಚಳದ ಒಳಗೆ ನಳಿಕೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಇಳಿಯಬಾರದು. ಇನ್ನೊಂದು ತುದಿ ಪಕ್ಕದ ಲೋಟದ ನೀರಿನಲ್ಲಿ. ಖಾಲಿ ಜಾಡಿಗೆ ಮುಚ್ಚಳ ಹಾಕಿ ನಳಿಕೆ ಊದಿ. ತಿರುಪಿನ ಹತ್ತಿರ ಸೋಪುನೀರು ಗುಳ್ಳೆ ಎಬ್ಬಿಸಿದರೆ ಸೋರುತ್ತಿದೆ ಎಂದು ಅರ್ಥ.

ಲೋಟದಲ್ಲಿ ನೀರು ಎರಡು ಬೆರಳಿಗಿಂತ ಹೆಚ್ಚು ಇರಬಾರದು. ಹುದುಗು ತಣ್ಣಗಾದ ಮೇಲೆ, ರಾತ್ರಿ ಚಳಿಗೆ ಜಾಡಿಯ ಗಾಳಿ ಕುಗ್ಗಿ ಲೋಟದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಹಗಲಿಗೂ ರಾತ್ರಿಗೂ ಇರುವ ಅಂತರಕ್ಕೆ ಇದು ನಡೆದೇ ನಡೆಯುತ್ತದೆ. ನೀರು ಕಡಿಮೆ ಇದ್ದರೆ ನಳಿಕೆಯ ಅರ್ಧಕ್ಕೆ ಏರಿ ನಿಲ್ಲುತ್ತದೆ.

ಪಿಹೆಚ್ ಎಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಅದಕ್ಕೆ ಪಿಹೆಚ್ ಮೀಟರ್ ಬೇಕೇ ಬೇಕು. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪೆನ್ನಿನಂಥದು ಕೇಳಿ ನೋಡಿ. ಬಣ್ಣದ ಕಾಗದದ ಪಟ್ಟಿ ದಂಡ. ಮೆಣಸಿನ ಕೆಂಪೇ ಪಟ್ಟಿಗೆ ಹತ್ತಿ ಎಲ್ಲ ಅಳತೆಯೂ ಕಿತ್ತಳೆ ಕಾಣುತ್ತದೆ. ಮೀಟರನ್ನು 6.86 ಮತ್ತು 4.01ರ ಬಫರ್ ದ್ರಾವಣದಲ್ಲಿ (ಪಿಹೆಚ್ ಮೊದಲೇ ಗೊತ್ತಿರುವ ದ್ರಾವಣ) ಹೊಂದಿಸದೆ ನಂಬಬೇಡಿ. ಡಬ್ಬಿಯಿಂದ ತೆಗೆದ ಹೊಸ ಮೀಟರ್ 4.01ರ ದ್ರಾವಣದಲ್ಲಿ 4.4 ತೋರಿಸುತ್ತಿತ್ತು. ಅಳೆಯುವಾಗ ರುಬ್ಬಿದ ಮುದ್ದೆಗೆ ತುದಿ ಚುಚ್ಚಬೇಡಿ, ಬಟ್ಟೆಯಲ್ಲಿ ಹಿಂಡಿದ ಒಂದು ಚಮಚ ರಸಕ್ಕೆ ಅದ್ದಿ. ಮುದ್ದೆಯ ಜಿಡ್ಡು ಗಾಜಿನ ಗುಂಡಿಗೆ ಮೆತ್ತಿದರೆ ಮೀಟರ್ ಮಂಕಾಗುತ್ತದೆ.

0ನೇ ದಿನ

ಮೆಣಸನ್ನು ತೊಳೆದು, ಬಟ್ಟೆಯ ಮೇಲೆ ನೀರಾರಿಸಿ, ತೊಟ್ಟು ಬಿಡಿಸುವುದೇ ಅತಿ ದೊಡ್ಡ ಕೆಲಸ. 300 ಗ್ರಾಂ ಸೂಜಿಮೆಣಸು ಎಂದರೆ ನೂರಾರು ಕಾಯಿ. ಇಬ್ಬರು ಕೂತರೂ ಒಂದು ಗಂಟೆ. ಬೇಸರವಾಗಿ ತೊಟ್ಟು ಬಿಟ್ಟರೆ ಸಾಸಿಗೆ ಕಡ್ಡಿ ಅಗಿದ ಒಗರು ಬರುತ್ತದೆ. ಸುಕ್ಕು, ಕಪ್ಪು ಚುಕ್ಕೆ, ಒಳಗೆ ಬೂಷ್ಟು ಇದ್ದ ಕಾಯಿ ಒಂದೂ ಒಳಗೆ ಹೋಗಬಾರದು. ದಪ್ಪನೆಯ ಕಾಯಿಯನ್ನು ಸೀಳಿ ನೋಡಿಯೇ ಹಾಕಿ, ಹೊರಗೆ ಚೆನ್ನಾಗಿದ್ದು ಬೀಜದ ಗೂಡಿನಲ್ಲಿ ಬೂದು ಬೂಷ್ಟು ಕೂತಿರುವುದುಂಟು.

ಕೈಗವಸು ಹಾಕಿಕೊಳ್ಳಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಕೈ ಉರಿದರೆ ಮೊದಲು ಕೊಬ್ಬರಿ ಎಣ್ಣೆ ಉಜ್ಜಿ, ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು. ಬರೀ ನೀರು ಹಾಕಿದರೆ ಉರಿ ಹರಡುತ್ತದೆಯೇ ಹೊರತು ಇಳಿಯುವುದಿಲ್ಲ.

ಮಿಕ್ಸಿಯಲ್ಲಿ ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ, ರವೆಯ ಹದ ಸಾಕು. ಒಂದೇ ಸಮನೆ ಓಡಿಸಬೇಡಿ, ಜಾರ್ ಬಿಸಿಯಾಗಿ ಘಾಟು ಏಳುತ್ತದೆ. ರುಬ್ಬಿದ ಮೇಲೆ ಎರಡು ನಿಮಿಷ ಬಿಟ್ಟು, ಮುಖ ಆಚೆ ಮಾಡಿ ಮುಚ್ಚಳ ತೆಗೆಯಿರಿ. ನೀರು ಸೇರಿಸಲಿಲ್ಲ, ಹಣ್ಣುಮೆಣಸಿನ ರಸವೇ ಸಾಕು. ನೀರು ಬೇಕೇ ಬೇಕಾದರೆ ಕಾವೇರಿ ನೀರನ್ನು ಕುದಿಸಿ ಆರಿಸಿ ಹಾಕಿ, ನಲ್ಲಿಯಿಂದ ನೇರ ಬಂದರೆ ಅದರ ಕ್ಲೋರಿನ್ ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ.

ಜಾಡಿಯಲ್ಲಿ ಮೂರನೇ ಒಂದು ಭಾಗ ಖಾಲಿ ಬಿಟ್ಟು ತುಂಬಿ, ಚಮಚದ ಬೆನ್ನಿನಿಂದ ಒತ್ತಿ ಗಾಳಿ ಬಿಡಿಸಿ, ಜಾಡಿಯ ಒಳಗೋಡೆಗೆ ಅಂಟಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬೂಷ್ಟು ಶುರುವಾಗುವುದು ಅಲ್ಲಿಂದಲೇ. ಶುರುವಿನ ಪಿಹೆಚ್ 5.2. ಬಿಸಿಲು ಬೀಳದ ಶೆಲ್ಫ್, ಕೋಣೆಯ ಉಷ್ಣತೆ 25ರಿಂದ 27 ಡಿಗ್ರಿ.

1ರಿಂದ 7ನೇ ದಿನ

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಗಾಜಿಗೆ ಅಂಟಿದಂತೆ ಸಣ್ಣ ಗುಳ್ಳೆಗಳು, ಸಂಜೆಗೆ ಲೋಟದಲ್ಲಿ ಬುಳುಬುಳು. ಮೂರನೇ ದಿನ ಮುದ್ದೆಯೆಲ್ಲ ಮೇಲೆದ್ದು ತಳದಲ್ಲಿ ಎರಡು ಬೆರಳು ಕೆಂಪು ರಸ ನಿಂತಿತ್ತು. ನೋಡಿ ಗಾಬರಿಯಾಗುವಂಥದ್ದೇನಲ್ಲ, ದೋಸೆಹಿಟ್ಟು ಉಬ್ಬುವ ಲೆಕ್ಕವೇ. ಆದರೆ ಮೇಲೆದ್ದ ಮುದ್ದೆಯ ನೆತ್ತಿ ಒಣಗುತ್ತದೆ. ದಿನಕ್ಕೊಮ್ಮೆ ಕುದಿಸಿ ಆರಿಸಿದ ಚಮಚದಲ್ಲಿ ಕೆಳಗೊತ್ತಿ ರಸದಲ್ಲಿ ಮುಳುಗಿಸಬೇಕು.

ಕ್ಯಾರೆಟ್ ಜಾಡಿ ಮೂರನೇ ದಿನ ರಾತ್ರಿಯೇ ಉಕ್ಕಿತು. ಮುದ್ದೆ ನಳಿಕೆಗೆ ನುಗ್ಗಿ ಕಟ್ಟಿಕೊಂಡು, ಒತ್ತಡ ತಿರುಪಿನ ಸಂದಿಯಿಂದ ದಾರಿ ಮಾಡಿಕೊಂಡು ಶೆಲ್ಫೆಲ್ಲ ಕೆಂಪು. ಕ್ಯಾರೆಟ್‌ನ ಸಕ್ಕರೆ ಹುದುಗಿಗೆ ಹಬ್ಬ. ಖಾಲಿ ಜಾಗ ಮೂರನೇ ಒಂದರ ಬದಲು ಅರ್ಧ ಬಿಟ್ಟಿದ್ದರೆ ಉಳಿಯುತ್ತಿತ್ತು. ಜಾಡಿಗಳ ಕೆಳಗೆ ಅಂಚಿರುವ ತಟ್ಟೆ ಇಡುವುದನ್ನು ಅಂದಿನಿಂದ ತಪ್ಪಿಸಿಲ್ಲ.

ಬೆಳ್ಳುಳ್ಳಿಯ ತುಣುಕು ನಾಲ್ಕನೇ ದಿನ ನೀಲಿಹಸಿರಾದವು. ಹುಳಿಯಲ್ಲಿ ಬೆಳ್ಳುಳ್ಳಿಯ ಗಂಧಕದ ಅಂಶಗಳು ಸೇರಿ ಹುಟ್ಟುವ ಬಣ್ಣ, ತಿನ್ನಲು ತೊಂದರೆಯಿಲ್ಲ. ಕೊನೆಗೆ ಕೆಂಪಿನಲ್ಲಿ ಮುಚ್ಚಿಹೋಗುತ್ತದೆ.

ಮುಖ್ಯ ಜಾಡಿಯ ಪಿಹೆಚ್: 3ನೇ ದಿನ 4.5, 5ನೇ ದಿನ 4.1, 7ನೇ ದಿನ 3.9. ಇಲ್ಲಿ ಗೆರೆ 4.6. ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಅದಕ್ಕಿಂತ ಕೆಳಗೆ ಬೆಳೆಯಲಾರದು. ಬೆಳ್ಳುಳ್ಳಿ ಸೇರಿದ, ಗಾಳಿಯಾಡದ ಜಾಡಿ ಐದು ದಿನವಾದರೂ 4.6ರ ಕೆಳಗೆ ಇಳಿಯದಿದ್ದರೆ ಎಸೆಯುವುದೇ ಸರಿ, ರುಚಿ ನೋಡಲೂ ಹೋಗಬೇಡಿ.

ಚಮಚದ ಲೆಕ್ಕದ ಜಾಡಿ ಐದನೇ ದಿನ 4.8ರಲ್ಲೇ ಇತ್ತು. ಮೇಲೆ ಲೋಳೆ, ವಾಸನೆ ಕೊಳೆತ ಎಲೆಕೋಸಿನದು. ಉಪ್ಪು ಸಾಲದಿದ್ದರೆ ಹುಳಿ ಬರಿಸುವವು ತಲೆ ಎತ್ತುವ ಮೊದಲೇ ಕೊಳೆಸುವವು ಜಾಗ ಹಿಡಿಯುತ್ತವೆ. ಜಾಡಿ ಖಾಲಿ ಮಾಡಿ ಕುದಿನೀರಿನಲ್ಲಿ ತೊಳೆಯಬೇಕಾಯಿತು.

8ರಿಂದ 23ನೇ ದಿನ

ಗುಳ್ಳೆ ನಿಂತಿತು ಎಂದರೆ ಮುಗಿಯಿತು ಎಂದಲ್ಲ. ಹುಳಿ ಇನ್ನೂ ಏರುತ್ತಿರುತ್ತದೆ, ಹಸಿ ವಾಸನೆ ಹೋಗುವುದು ಈ ದಿನಗಳಲ್ಲೇ. ಮೊದಮೊದಲು ಅನಿಲ ಹೆಚ್ಚು ಬಿಡುವ ಬ್ಯಾಕ್ಟೀರಿಯಾಗಳ ಕಾಲ. ಹುಳಿ ಏರಿದಂತೆ ಅವು ಸೋತು, ಹುಳಿ ತಾಳುವ, ಅನಿಲ ಬಿಡದ ಇನ್ನೊಂದು ಗುಂಪು ಕೆಲಸ ಮುಂದುವರಿಸುತ್ತದೆ. ಒಂದೇ ವಾರಕ್ಕೆ ಬಾಟಲಿ ತುಂಬುವವರ ಸಾಸ್ ಚುರುಕಾಗಿರುತ್ತದೆ, ಆದರೆ ತೆಳು. 14ನೇ ದಿನ 3.6, 21ನೇ ದಿನ 3.5. ಆಮೇಲೆ ಹೆಚ್ಚು ಕದಲಲಿಲ್ಲ.

11ನೇ ದಿನ ಮೇಲೆ ಬಿಳಿ ಪೊರೆ ಬಂತು: ತೆಳ್ಳಗೆ, ಹಾಲು ಕಾಯಿಸಿಟ್ಟಾಗಿನ ಕೆನೆಯಂತೆ ಸುಕ್ಕುಸುಕ್ಕು. ಇದು ಒಂದು ಬಗೆಯ ಯೀಸ್ಟ್. ಹಾನಿಯಿಲ್ಲ, ಬಿಟ್ಟರೆ ರುಚಿ ಮಂಕಾಗುತ್ತದೆ. ಚಮಚದಲ್ಲಿ ಮೇಲಿನ ಪದರ ತೆಗೆದು, ಗೋಡೆ ಒರೆಸಿ, ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿದ ಮೇಲೆ ಮತ್ತೆ ಬರಲಿಲ್ಲ. ಮೇಲಿನದು ಹತ್ತಿಯಂತೆ ಉಬ್ಬಿ, ಹಸಿರು, ಕಪ್ಪು, ಗುಲಾಬಿ ಇದ್ದರೆ ಅದು ಬೂಷ್ಟು. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತದೆ, ತೆಗೆದು ಉಳಿಸಿಕೊಳ್ಳುವ ಮಾತು ಬೇಡ. ಮಳೆಗಾಲದಲ್ಲಿ ಇದರ ಕಾಟ ಹೆಚ್ಚು.

ಏಪ್ರಿಲ್, ಮೇ ತಿಂಗಳಲ್ಲಿ ಮಾಡುವುದಾದರೆ ಜಾಡಿ ಶೆಲ್ಫಿನಿಂದ ನೆಲಕ್ಕಿಳಿಯಲಿ. 30 ಡಿಗ್ರಿ ದಾಟಿದರೆ ಹುಳಿ ಬೇಗ ಬರುತ್ತದೆ, ಪರಿಮಳ ಕೈಕೊಡುತ್ತದೆ. ಡಿಸೆಂಬರಿನಲ್ಲಿ ಇನ್ನೊಂದು ವಾರ ಹೆಚ್ಚು ಬೇಕಾದೀತು.

24ನೇ ದಿನ: ಸಾಸ್

20 ಗ್ರಾಂ ಡಬ್ಬಿ ಬ್ಯಾಡಗಿಯ ತೊಟ್ಟು, ಬೀಜ ತೆಗೆದು 150 ಮಿ.ಲೀ. ನೀರಿನಲ್ಲಿ ಐದು ನಿಮಿಷ ಕುದಿಸಿ, ನೀರು ಸಮೇತ ನುಣ್ಣಗೆ ರುಬ್ಬಿ. ಅದಕ್ಕೆ ಜಾಡಿಯ ಮುದ್ದೆ (920 ಗ್ರಾಂ ಉಳಿದಿತ್ತು), 100 ಗ್ರಾಂ 4% ವಿನಿಗರ್. ವಿನಿಗರ್ ಲೇಬಲಿನಲ್ಲಿ ‘ಸಿಂಥೆಟಿಕ್’ ಎಂದಿದ್ದರೆ ಅದು ನೀರು ಬೆರೆಸಿದ ಅಸಿಟಿಕ್ ಆಮ್ಲ, ವಾಸನೆ ಮೊನಚು. ಹುದುಗಿಸಿ ಮಾಡಿದ ವಿನಿಗರ್ ಹಾಕುವುದು ಮೇಲು. ಮೂರು ಸರದಿ ರುಬ್ಬಿ, ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯಲ್ಲಿ ಸೌಟಿನ ಬೆನ್ನಿನಿಂದ ತಿಕ್ಕಿ ಸೋಸಬೇಕು. 1,190 ಗ್ರಾಂನಲ್ಲಿ 230 ಗ್ರಾಂ ಚರಟ ಜಾಲರಿಯಲ್ಲೇ ಉಳಿಯಿತು, ಸಾಸ್ 960. ಸೋಸುವುದರಲ್ಲಿ ಸೋಮಾರಿತನ ಮಾಡಿದರೆ ಬೀಜದ ಚೂರು ಬಾಟಲಿಯ ತೊಟ್ಟಿಕ್ಕುವ ತೂತಿಗೆ ಸಿಕ್ಕಿ, ಗ್ರಹಚಾರಕ್ಕೆ ಒಮ್ಮೆಗೇ ಅರ್ಧ ಬಾಟಲಿ ಬೀಳುತ್ತದೆ.

ಇನ್ನು ಕಾಚಂಪುಳಿ. ಇದನ್ನು ಕೈಯಂದಾಜಿನಲ್ಲಿ ಹಾಕಿದರೆ ಕೆಟ್ಟಿತು; ಹೆಚ್ಚಾದದ್ದನ್ನು ಹಿಂದಕ್ಕೆ ತೆಗೆಯಲಾಗದು. 10 ಗ್ರಾಂ ಕಾಚಂಪುಳಿಯನ್ನು 90 ಗ್ರಾಂ ನೀರಿಗೆ ಕಲಸಿಟ್ಟುಕೊಂಡು, ನಾಲ್ಕು ಬಟ್ಟಲಿನಲ್ಲಿ 50 ಗ್ರಾಂನಂತೆ ಸಾಸ್ ಹಾಕಿ, ಈ ದ್ರಾವಣವನ್ನು 2.5, 5, 7.5, 10 ಗ್ರಾಂ ಸೇರಿಸಿ. ಆಗ ಕಾಚಂಪುಳಿ 0.5, 1, 1.5, 2% ಆಗುತ್ತದೆ. ಕಡಿಮೆ ಹಾಕಿದ ಬಟ್ಟಲುಗಳಿಗೆ ಬರೀ ನೀರು ಸೇರಿಸಿ ಎಲ್ಲವನ್ನೂ 60 ಗ್ರಾಂಗೆ ತನ್ನಿ, ಇಲ್ಲದಿದ್ದರೆ ತೆಳುವಾದದ್ದೇ ಸಪ್ಪೆ ಎನಿಸಿ ಲೆಕ್ಕ ತಪ್ಪುತ್ತದೆ. ಒಂದೊಂದರ ನಡುವೆ ಅನ್ನ, ಎರಡು ಗುಟುಕು ಹಾಲು. ನೀರು ಕುಡಿದರೆ ಖಾರ ಇಳಿಯದು. ಅರ್ಧ ಶೇಕಡಾ ಗೊತ್ತೇ ಆಗಲಿಲ್ಲ. ಎರಡಕ್ಕೆ ಹೋದಾಗ ಒಗರು, ಬಣ್ಣವೂ ಕಂದು. ಒಂದೂವರೆಯಲ್ಲಿ, ಖಾರ ಇಳಿದ ಮೇಲೆ ನಾಲಿಗೆಯ ಎರಡು ಅಂಚಿನಲ್ಲಿ ನಿಧಾನಕ್ಕೆ ಏಳುವ ಆ ಎರಡನೇ ಹುಳಿ, ಮಡಿಕೇರಿಯ ಬಾಟಲಿಯದೇ, ಬಂತು. ಆವಿಯಾಗದ ಆಮ್ಲವಾದ್ದರಿಂದ ಮೂಗಿಗೆ ಸುಳಿವು ಕೊಡದೆ ನಾಲಿಗೆಗೇ ಸಿಗುವ ಹುಳಿ ಅದು. ಪರೀಕ್ಷೆಯ ಬಟ್ಟಲುಗಳು ಖರ್ಚಾಗುವುದು ಬೇಡವೆನಿಸಿದರೆ ಎಲ್ಲವನ್ನೂ ಮತ್ತೆ ಪಾತ್ರೆಗೆ ಸುರಿದು, ಹೋದ ಕಾಚಂಪುಳಿಯನ್ನು (2.5 ಗ್ರಾಂ) ಒಟ್ಟಿನಲ್ಲಿ ಕಳೆಯಿರಿ. ಎಂಜಲು ಚಮಚ ಮುಟ್ಟಿಸಿರಬಾರದು ಅಷ್ಟೇ.

ಕೊಳ್ಳುವಾಗ ಒಂದು ಮಾತು. ಒಳ್ಳೆಯ ಕಾಚಂಪುಳಿ ತೆಳು ಜೇನಿನಂತೆ ಹರಿಯುತ್ತದೆ. ಒಂದು ಹನಿ ಬಿಸಿನೀರಿಗೆ ಬಿಟ್ಟಾಗ ವಿನಿಗರ್ ವಾಸನೆ ಮೂಗಿಗೆ ಹೊಡೆದರೆ ಬೆರಕೆಯ ಅನುಮಾನ ಪಡಬಹುದು.

ಒಟ್ಟು ಸಾಸಿಗೆ ಸೇರಿದ್ದು: ಕಾಚಂಪುಳಿ 14 ಗ್ರಾಂ, ಸಕ್ಕರೆ 19 ಗ್ರಾಂ. ಉಪ್ಪಿನ ಲೆಕ್ಕ: ಹಾಕಿದ 27ರಲ್ಲಿ ಚರಟದ ಜೊತೆ ಹೋಗಿ ಉಳಿದದ್ದು ಸುಮಾರು 22, 2.8% ಮುಟ್ಟಲು ಇನ್ನು 5 ಗ್ರಾಂ. ಕ್ಸಾಂಥಾನ್ ಗಮ್ 0.15%, ಅಂದರೆ 1.4 ಗ್ರಾಂ. ಇದನ್ನು ನೇರ ಸುರಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ, ಎಷ್ಟು ರುಬ್ಬಿದರೂ ಕರಗವು. ಆ 19 ಗ್ರಾಂ ಸಕ್ಕರೆಯಲ್ಲಿ ಮೊದಲು ಒಣಗಿದ್ದಂತೆಯೇ ಬೆರೆಸಿ, ಮಿಕ್ಸಿ ಓಡುತ್ತಿರುವಾಗ ಮೇಲಿನ ತೂತಿನಿಂದ ಉದುರಿಸಿ. 0.3% ಹಾಕಿದ ಮಾದರಿ ಮೂಗಿನ ಸಿಂಬಳದಂತೆ ಎಳೆಯಾಯಿತು. ಕಡಿಮೆಯಾದರೂ ಪರವಾಗಿಲ್ಲ, ಅಲ್ಲಾಡಿಸಿ ಬಳಸಬಹುದು.

ಕಾಯಿಸಿ ತುಂಬುವುದು

ಸಕ್ಕರೆ ಸೇರಿದ ಮೇಲೆ ಕಾಯಿಸದೆ ಬಾಟಲಿಗೆ ತುಂಬಿ ಹೊರಗಿಟ್ಟರೆ ಹುದುಗು ಮತ್ತೆ ಏಳುತ್ತದೆ, ಬಾಟಲಿ ಸೋಡಾದಂತೆ ಚಿಮ್ಮುತ್ತದೆ, ಗಾಜು ಒಡೆಯಲೂಬಹುದು. ಹಸಿಯಾಗಿಯೇ ಬೇಕೆನ್ನುವವರು ಸಕ್ಕರೆ ಬಿಟ್ಟು ಫ್ರಿಜ್ಜಿನಲ್ಲಿಡಿ. ನಿಜ ಹೇಳಬೇಕೆಂದರೆ ಕಾಯಿಸದ ಸಾಸಿನ ಪರಿಮಳವೇ ಹೆಚ್ಚು. ಆದರೆ ಮಡಿಕೇರಿಯದು ಕಾಯಿಸಿದ್ದೇ ಎಂಬಂತಿತ್ತು, ಹಾಗಾಗಿ ಇಲ್ಲಿಯೂ ಕಾಯಿಸಲಾಯಿತು.

ಸ್ಟೀಲ್ ಪಾತ್ರೆ, ಸಣ್ಣ ಉರಿ, ಥರ್ಮಾಮೀಟರ್. 82ರಿಂದ 85 ಡಿಗ್ರಿಯಲ್ಲಿ ಹತ್ತು ನಿಮಿಷ, ಬಿಡದೆ ಕೈಯಾಡಿಸುತ್ತ. ಕುದಿಯಬಾರದು. ಕಿಟಕಿ ತೆಗೆದಿರಲಿ. ಅಪಾರ್ಟ್‌ಮೆಂಟಿನ ಎಕ್ಸಾಸ್ಟ್ ಫ್ಯಾನ್ ಡಕ್ಟ್‌ಗೆ ತೆರೆದಿದ್ದರೆ ಮೇಲಿನ ಮನೆಯವರೂ ಕೆಮ್ಮುತ್ತಾರೆ, ಮೊದಲೇ ಹೇಳಿಟ್ಟರೆ ಒಳ್ಳೆಯದು. ಬಾಟಲಿಗಳನ್ನು ನೀರಿನಲ್ಲಿ ಮುಳುಗಿಸಿ ಕುದಿಸುವಾಗ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂಬುದು ನೆನಪಿರಲಿ: ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹತ್ತು ನಿಮಿಷ ಎಂದು ಬರೆದಿದ್ದಲ್ಲಿ ಹದಿನೈದು ಇಡಿ.

ಬಿಸಿ ಬಾಟಲಿಗೆ ಬಿಸಿ ಸಾಸ್. ತಣ್ಣನೆಯ ಗಾಜಿಗೆ ಸುರಿದರೆ ಸೀಳುತ್ತದೆ. ಕತ್ತಿನವರೆಗೆ ತುಂಬಿ, ಮುಚ್ಚಿ, ಬಟ್ಟೆಯಲ್ಲಿ ಹಿಡಿದು ಮೂರು ನಿಮಿಷ ತಲೆಕೆಳಗೆ ಮಾಡಿ, ಮುಚ್ಚಳದ ಒಳಗೂ ಬಿಸಿ ತಾಗಲಿ. 200 ಮಿ.ಲೀ. ಬಾಟಲಿ ನಾಲ್ಕು ತುಂಬಿ, ಒಂದು ಸಣ್ಣ ಸೀಸೆಯಷ್ಟು ಮಿಕ್ಕಿತು. ಆರಿದ ಮೇಲೆ ಪಿಹೆಚ್ 3.4. ಬೆಂಜೊಯೇಟ್ ಹಾಕಿಲ್ಲ, ಆದ್ದರಿಂದ ಒಮ್ಮೆ ತೆರೆದ ಬಾಟಲಿ ಫ್ರಿಜ್ಜಿನಲ್ಲೇ ಇರಬೇಕು.

ಎರಡು ಬಿಳಿ ತಟ್ಟೆಯಲ್ಲಿ ಒಂದೊಂದು ಚಮಚ ಹಾಕಿ ಓರೆ ಮಾಡಿ ನೋಡಿದಾಗ ಹರಿವು ಒಂದೇ ತೆರ, ಬಣ್ಣ ನಮ್ಮದು ಒಂದು ಕೂದಲೆಳೆ ಗಾಢ. ತಟ್ಟೆಯ ಪರೀಕ್ಷೆಯಲ್ಲಿ ಚಕ್ಕೆ ಅಷ್ಟೇ ಹುಳಿ. ಕೊರತೆ ಒಂದೇ: ಮಡಿಕೇರಿಯದರಲ್ಲಿ ತೆಳ್ಳಗೆ ಹೊಗೆಯ ವಾಸನೆಯಿದೆ, ಇದರಲ್ಲಿಲ್ಲ. ಹಾಕಿದ ಕಾಚಂಪುಳಿಯನ್ನು ಬರೀ ಮೂಸಿದಾಗಲೂ ಹೊಗೆ ಇರಲಿಲ್ಲ. ಮುಂದಿನ ಜಾಡಿಗೆ ಸೌದೆ ಒಲೆಯಲ್ಲಿ ಕಾಯಿಸಿದ್ದನ್ನು ಹುಡುಕಬೇಕು. ಮಿಕ್ಕ ಪ್ರಮಾಣ ಮುಟ್ಟುವ ಅಗತ್ಯವಿಲ್ಲ.

ಜಾಲರಿಯಲ್ಲಿ ಉಳಿದ 230 ಗ್ರಾಂ ಚರಟವನ್ನು ಎಸೆಯಬೇಡಿ. ತಟ್ಟೆಯಲ್ಲಿ ಹರಡಿ ಎರಡು ಬಿಸಿಲು ಕಾಯಿಸಿದರೆ ಗರಿಗರಿಯಾಗುತ್ತದೆ. ಹುರಿಗಡಲೆ, ಕೊಬ್ಬರಿ, ಕರಿಬೇವಿನ ಜೊತೆ ಚಟ್ನಿಪುಡಿಗೆ ಹಾಕಬಹುದು. ಆ ಪುಡಿಗೆ ಹುಣಸೆಹಣ್ಣು ಬೇಡ, ಉಪ್ಪೂ ಅರ್ಧ ಸಾಕು.